ಸನ್ನೆಕೋಲಿನ ಲೆಕ್ಕದ ಮೇಲೆ ಓಡುವ ಮನೆ

(ಸುವರ್ಣ ಮಹೋತ್ಸವದ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆಂದು ಅಮೆರಿಕಕ್ಕೆ ಹೋದವನು. ಅಲ್ಲಿ ರಜಾದಿನಗಳಲ್ಲಿ ಮನೆಯ ಗ್ಯಾರೇಜಿನಲ್ಲೇ, ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮಲಗುವ ಗಾಡಿಯೊಂದನ್ನು ಮಾಡಿದೆ. ಮುಂದೆ ದುಂಡಗೆ, ಹಿಂದೆ ಇಳಿಜಾರಾಗಿ ನೀರಿನ ಹನಿಯಂತೆ ಕಾಣುವುದರಿಂದ ಅದಕ್ಕೆ 'ಟಿಯರ್‌ಡ್ರಾಪ್ ಟ್ರೈಲರ್' ಎನ್ನುತ್ತಾರೆ. ಅಲ್ಲಿಯ ಜನ 1930ರ ದಶಕದಿಂದಲೂ ಇದನ್ನು ಮನೆಯಲ್ಲೇ ಕಟ್ಟುತ್ತಿದ್ದಾರೆ. 1947ರಲ್ಲಿ 'ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್' ಪತ್ರಿಕೆ ಇದರ ನಕ್ಷೆಯನ್ನೇ ಅಚ್ಚು ಹಾಕಿತ್ತು.

ಅಗಲ 4 ಅಡಿ, ಉದ್ದ 8 ಅಡಿ. ಪ್ಲೈವುಡ್ ಹಾಳೆ ಅಂಗಡಿಯಲ್ಲಿ ಸಿಗುವುದೇ ಆ ಅಳತೆಯಲ್ಲಿ. ಹಾಗಾಗಿ ಕತ್ತರಿಸಿ ಬಿಸಾಡುವುದು ಕಡಿಮೆ. ಚಕ್ರವಿರುವ ಕಬ್ಬಿಣದ ಚೌಕಟ್ಟನ್ನು ಕೊಂಡು ತಂದೆ. ಎರಡು ತೆಳು ಪ್ಲೈವುಡ್ ನಡುವೆ ಫೋಮ್ ಹಲಗೆ ಅಂಟಿಸಿದರೆ ಗೋಡೆ ಹಗುರವೂ ಹೌದು, ಗಟ್ಟಿಯೂ ಹೌದು, ಚಳಿಯನ್ನೂ ತಡೆಯುತ್ತದೆ. ಒಳಗೆ ಇಬ್ಬರಿಗೆ ಹಾಸಿಗೆ. ಹಿಂದಿನ ಮುಚ್ಚಳ ಎತ್ತಿದರೆ ಅಡುಗೆ ಕಟ್ಟೆ. ಒಲೆ ಮಾತ್ರ ಎಂದಿಗೂ ಹೊರಗೇ. ಅಷ್ಟು ಚಿಕ್ಕ ಜಾಗದಲ್ಲಿ ಕಾರ್ಬನ್ ಮೋನಾಕ್ಸೈಡ್ ತುಂಬಿದರೆ ಮಲಗಿದವರು ಮತ್ತೆ ಏಳುವುದಿಲ್ಲ. ಮಲಗುವಾಗಲೂ ಗಾಳಿಕಿಂಡಿ ತೆರೆದಿರಲೇಬೇಕು.

ಇದರಲ್ಲಿ ಮರಗೆಲಸಕ್ಕಿಂತ ಮುಖ್ಯವಾದದ್ದು ತೂಕದ ಹಂಚಿಕೆ. ಭಾರ ಹಿಂದೆ ಹೆಚ್ಚಾದರೆ ವೇಗದಲ್ಲಿ ಗಾಡಿ ಅತ್ತಿತ್ತ ತೂಗಾಡಿ ಕಾರನ್ನೂ ಉರುಳಿಸಬಹುದು. ಒಟ್ಟು ತೂಕದಲ್ಲಿ ಶೇಕಡ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ನನ್ನ ಗಾಡಿ ಸಾಮಾನು ಸೇರಿ 400 ಕಿಲೋ. ಅಚ್ಚಿನಿಂದ ಕೊಂಡಿಗೆ 240 ಸೆಂಟಿಮೀಟರ್. ಗುರುತ್ವ ಕೇಂದ್ರ ಅಚ್ಚಿಗಿಂತ 30 ಸೆಂಟಿಮೀಟರ್ ಮುಂದಿದೆ. 400ನ್ನು 30ರಿಂದ ಗುಣಿಸಿ 240ರಿಂದ ಭಾಗಿಸಿ: ಕೊಂಡಿಯ ಮೇಲೆ 50 ಕಿಲೋ, ಅಂದರೆ ಶೇಕಡ ಹನ್ನೆರಡೂವರೆ. ಕೊಂಡಿಯ ಕೆಳಗೆ ತೂಕದ ಯಂತ್ರ ಇಟ್ಟು ನೋಡಿದ ಮೇಲೆಯೇ ನನ್ನ ಮಗಳನ್ನು ಕಾರಿಗೆ ಹತ್ತಿಸಿದ್ದು.

ಮಕ್ಕಳೇ, ಇದು ಈ ಶಾಲೆಯಲ್ಲಿ ಕಲಿತ ಸನ್ನೆಕೋಲಿನ ಪಾಠವೇ. ಎತ್ತಿನ ಗಾಡಿ ಹೂಡಿದ ನಿಮ್ಮ ತಾತಂದಿರಿಗೂ ಇದು ಗೊತ್ತು: ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಕುತ್ತಿಗೆ ನೋಯುತ್ತದೆ. ಅವರ ಕೈಯ ತಿಳಿವಳಿಕೆ, ನಿಮ್ಮ ಪುಸ್ತಕದ ಸೂತ್ರ ಎರಡೂ ಒಂದೇ. ಆದರೆ ಪರೀಕ್ಷೆ ಬರೆದು ಮರೆತರೆ ಎರಡೂ ಕೈಬಿಟ್ಟು ಹೋಗುತ್ತವೆ.

ಆದ್ದರಿಂದ ನನ್ನದೊಂದು ಕೋರಿಕೆ. ಶಾಲೆ ಒಂದು ಕೊಠಡಿ ಕೊಡಲಿ. ಮೇಜು, ಗರಗಸ, ಉಳಿ, ಅಳತೆಪಟ್ಟಿ, ತಕ್ಕಡಿಯ ಖರ್ಚು ನಮ್ಮ ಬ್ಯಾಚಿನದು. ಊರಿನ ಬಡಗಿಗಳು, ವೆಲ್ಡಿಂಗ್ ಮಾಡುವ ಅಣ್ಣಂದಿರು ವಾರಕ್ಕೊಂದು ಗಂಟೆ ಬಂದು ಮಕ್ಕಳಿಗೆ ಮೇಷ್ಟ್ರಾಗಬೇಕು. ಹೆಣ್ಣುಮಕ್ಕಳ ಕೈಗೂ ಗರಗಸ ಸಿಗಬೇಕು.