ಪಾಸ್‌ವರ್ಡ್ ಯಾರ ಕೈಯಲ್ಲಿದೆ?

(ಯಾದಗಿರಿ, ಶಹಾಪುರ ಮತ್ತು ಸುರಪುರಗಳಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿಗೆ ಸೇರಿರುವ ವಿದ್ಯಾರ್ಥಿಗಳು ಹಾಗೂ ಅವರ ಪೋಷಕರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ನಾವು ಕಂಪ್ಯೂಟರ್ ವಿಜ್ಞಾನ ಓದಿದವರಲ್ಲ. ಮದ್ರಸದಲ್ಲಿ ಕಲಿತು, ಬಳಿಕ ಕಲಾ ವಿಭಾಗದಲ್ಲಿ ಪದವಿ ಪಡೆದು ಪತ್ರಿಕಾ ವೃತ್ತಿಗೆ ಬಂದವರು. ಪ್ರೋಗ್ರಾಮ್ ಬರೆಯುವುದನ್ನು ಕಲಿಸಲು ನಮ್ಮಿಂದಾಗದು. ಆದರೆ ಅರ್ಜಿ ತುಂಬುವುದರಲ್ಲಿ ಒಬ್ಬ ವಿದ್ಯಾರ್ಥಿ ಹೇಗೆ ಸೋಲುತ್ತಾನೆ ಎಂಬುದನ್ನು ನಾವು ಅನುಭವಿಸಿ ಬಲ್ಲೆವು. ಬಿ.ಎ. ಎರಡನೆಯ ವರ್ಷದಲ್ಲಿ ಪರೀಕ್ಷಾ ಅರ್ಜಿಯನ್ನೂ ಶುಲ್ಕವನ್ನೂ ಒಬ್ಬರ ಕೈಗಿತ್ತು ನಿಶ್ಚಿಂತರಾಗಿ ಕುಳಿತಿದ್ದೆವು. ಪ್ರವೇಶಪತ್ರ ಬಂದಾಗ ನಾವು ಓದಿದ ವಿಷಯದ ಬದಲು ಬೇರೊಂದು ವಿಷಯವಿತ್ತು. ತಪ್ಪು ಯಾರದೆಂದು ವಾದಿಸುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಕಳೆದುಹೋದ ಆ ಕಾಲ ನಮ್ಮದು, ಬೇರಾರದೂ ಅಲ್ಲ.

ಇಂದು ಕಾಗದದ ಅರ್ಜಿ ಹೋಗಿದೆ. 2021ರಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ, ವಿಷಯಗಳ ಆಯ್ಕೆ, ಪರೀಕ್ಷಾ ಅರ್ಜಿ ಹಾಗೂ ಫಲಿತಾಂಶ ಯುಯುಸಿಎಂಎಸ್ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಗೆ ಸೇರಿವೆ. ಹಿಂದೆ ಗುಲಬರ್ಗಾ ವಿಶ್ವವಿದ್ಯಾಲಯದಡಿ ಇದ್ದ ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಇಂದು ರಾಯಚೂರಿನ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಇಂಜಿನಿಯರಿಂಗ್ ಓದುವವರು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ, ನಿಯಮಗಳಿಗೆ ಒಳಪಡುತ್ತಾರೆ. ರಾಯಚೂರಾಗಲಿ ಬೆಳಗಾವಿಯಾಗಲಿ, ಅಲ್ಲಿಗೆ ಹೋಗಿ ಗುಮಾಸ್ತರ ಮುಂದೆ ನಿಂತು ವಿಚಾರಿಸುವ ಕಾಲ ಮುಗಿದಿದೆ. ಬಾಗಿಲು ಈಗ ಮೊಬೈಲ್ ಫೋನಿನಲ್ಲಿದೆ. ಹಾಗಾದರೆ ಬೀಗದ ಕೈ ಯಾರ ಬಳಿಯಿದೆ?

ಬಸ್ ನಿಲ್ದಾಣದ ಪಕ್ಕದ ಆನ್‌ಲೈನ್ ಸೆಂಟರಿನವನ ಬಳಿಯಿದೆ! ಈ ಮೂರೂ ಊರುಗಳಲ್ಲಿ ನಾವು ಮಾತನಾಡಿಸಿದ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಗೆ ತಮ್ಮ ಖಾತೆಯ ಪಾಸ್‌ವರ್ಡ್ ಗೊತ್ತಿಲ್ಲ. ಅರ್ಜಿಯಲ್ಲಿರುವ ಮೊಬೈಲ್ ಸಂಖ್ಯೆ ಕೆಲವರದು ಸೆಂಟರಿನವನದು, ಕೆಲವರದು ಬೆಂಗಳೂರಿನ ಕಟ್ಟಡ ಕೆಲಸದಲ್ಲಿರುವ ಅಣ್ಣನದು. ಒಟಿಪಿ ಆ ಫೋನಿಗೆ ಹೋಗುತ್ತದೆ, ವಿದ್ಯಾರ್ಥಿ ಇಲ್ಲಿ ಕುಳಿತಿರುತ್ತಾನೆ. ಸೆಂಟರಿನವರನ್ನು ನಾವು ದೂರುತ್ತಿಲ್ಲ. ಅವರಲ್ಲಿ ಬಹುಪಾಲು ಪ್ರಾಮಾಣಿಕ ದುಡಿಮೆಗಾರರು. ಒಂದೇ ದಿನ ಅನೇಕರ ಅರ್ಜಿ ತುಂಬುವ ಮನುಷ್ಯನಿಗೆ ನಿಮ್ಮ ವಿಷಯ ಯಾವುದೆಂಬ ನೆನಪಿರಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಆದರೆ ಇನ್ನೂ ಸೋಜಿಗದ ಸಂಗತಿಯೊಂದಿದೆ. ಕಂಪ್ಯೂಟರ್ ವಿಜ್ಞಾನ ಓದಲು ಹೊರಟ ಯುವಕ, ಕಂಪ್ಯೂಟರಿನಲ್ಲಿ ತನ್ನ ಹೆಸರು ತುಂಬಲು ಇನ್ನೊಬ್ಬರಿಗೆ ಹಣ ಕೊಡುತ್ತಾನೆ.

ಹೆಣ್ಣುಮಕ್ಕಳ ಸ್ಥಿತಿ ಇದಕ್ಕಿಂತ ಬಿಗಿಯಾದದ್ದು. ಮನೆಯ ಫೋನ್ ತಂದೆಯ ಕಿಸೆಯಲ್ಲಿರುತ್ತದೆ. ತಂದೆ ಹೊಲದಲ್ಲೋ ಗ್ಯಾರೇಜಿನಲ್ಲೋ ಇರುವಾಗ ಕಾಲೇಜಿನಿಂದ ಬಂದ ಸಂದೇಶವನ್ನು ನೋಡುವವರಿಲ್ಲ. ಮಗಳನ್ನು ಕಾಲೇಜಿಗೆ ಕಳುಹಿಸಲು ಒಪ್ಪಿದ ತಂದೆ ಒಂದು ಸಿಮ್ ಕಾರ್ಡ್ ಕೊಡಿಸಲು ಹಿಂಜರಿಯುವುದೇಕೆ? ಹಿರಿಯರು ಬೇಸರಿಸಬಾರದು, ಈ ಪ್ರಶ್ನೆಯನ್ನು ಇಲ್ಲಿ ಕೇಳದೆ ಇನ್ನೆಲ್ಲಿ ಕೇಳಲಿ?

ಇನ್ನು ಹೆಸರಿನ ವಿಚಾರ. ಇದು ನಮ್ಮ ಸಮುದಾಯದ ಹಳೆಯ ರೋಗ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಂ.ಡಿ.’ ಎಂಬ ಎರಡು ಅಕ್ಷರ, ಆಧಾರ್‌ನಲ್ಲಿ ‘ಮೊಹಮ್ಮದ್’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಮಹ್ಮದ್’. ಹುಡುಗಿಯಾದರೆ ಒಂದು ಕಡೆ ‘ಬೇಗಂ’, ಇನ್ನೊಂದು ಕಡೆ ‘ಬೀ’, ಮತ್ತೊಂದು ಕಡೆ ಎರಡೂ ಇಲ್ಲ. ಮನುಷ್ಯರ ಕಣ್ಣಿಗೆ ಇವರೆಲ್ಲರೂ ಒಬ್ಬರೇ. ಯಂತ್ರಕ್ಕೆ ಮೂವರು. ಅರ್ಜಿ ತಿರಸ್ಕೃತವಾಗುವುದು, ವಿದ್ಯಾರ್ಥಿವೇತನ ಖಾತೆಗೆ ಬಾರದಿರುವುದು ಅನೇಕ ಸಲ ಇಲ್ಲಿಂದಲೇ. ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಸುಲಭದ ದಾರಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶವಿರುವುದರಿಂದ ಎಚ್ಚರಿಕೆಯಿಂದ, ಒಂದೇ ಸಲ ಸರಿಯಾಗಿ ಮಾಡಿಸಿ. ವಿದ್ಯಾರ್ಥಿವೇತನದ ಹಣ ಆಧಾರ್ ಜೋಡಣೆಯಾದ ಖಾತೆಗೇ ಬರುತ್ತದೆ ಎಂಬುದನ್ನೂ ಬ್ಯಾಂಕಿಗೆ ಹೋಗಿ ಖಚಿತಪಡಿಸಿಕೊಳ್ಳಿ.

ಸೌಲಭ್ಯಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇವೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಡಿ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟುಗಳು ಸ್ಥಳೀಯರಿಗೆ ಮೀಸಲು. ಅದರ ಪ್ರಮಾಣಪತ್ರವನ್ನು ಫಲಿತಾಂಶ ಬಂದ ಮೇಲೆ ಹುಡುಕಿಕೊಂಡು ಹೋಗಬೇಡಿ. 2011ರ ಜನಗಣತಿಯಲ್ಲಿ ಸುಮಾರು ಶೇ. 52 ಸಾಕ್ಷರತೆಯೊಂದಿಗೆ ರಾಜ್ಯದಲ್ಲೇ ಕಡೆಯ ಸ್ಥಾನದಲ್ಲಿದ್ದ ಜಿಲ್ಲೆಗೆ ಈ ವಿಧಿ ಭಿಕ್ಷೆಯಲ್ಲ, ಹಕ್ಕು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ, ರಾಜ್ಯ ವಿದ್ಯಾರ್ಥಿವೇತನದ ಅರ್ಜಿ, ಇವೆರಡರ ಕೊನೆಯ ದಿನಾಂಕಗಳನ್ನೂ ಗೋಡೆಗೆ ಬರೆದಿಡಿ. ಕೇಂದ್ರ ಸರಕಾರವು 2022ರಲ್ಲಿ ಒಂದರಿಂದ ಎಂಟನೆಯ ತರಗತಿವರೆಗಿನ ಅಲ್ಪಸಂಖ್ಯಾತ ವಿದ್ಯಾರ್ಥಿವೇತನವನ್ನೂ ಮೌಲಾನಾ ಆಝಾದ್ ಫೆಲೋಶಿಪ್ ಅನ್ನೂ ನಿಲ್ಲಿಸಿತು. ಅದರ ವಿರುದ್ಧ ಮಾತನಾಡುವುದು ಅಗತ್ಯವೇ. ಆದರೆ ಉಳಿದಿರುವುದನ್ನು ನಮ್ಮದೇ ನಿರ್ಲಕ್ಷ್ಯದಿಂದ ಕಳೆದುಕೊಂಡರೆ ಯಾವ ಮುಖ ಹೊತ್ತು ಪ್ರತಿಭಟಿಸುವುದು?

ಈಗ ವಿಷಯದ ಹೃದಯಕ್ಕೆ ಬರೋಣ. ನೋಂದಣಿ ಎಂದರೆ ಹೆಸರು ಬರೆಸುವುದಷ್ಟೇ ಅಲ್ಲ, ಏನು ಓದಲಿದ್ದೇನೆ ಎಂದು ನಿರ್ಧರಿಸುವುದು. ನೀವು ಯಾವ ಪಠ್ಯಕ್ರಮಕ್ಕೆ ಸೇರಿದ್ದೀರೆಂದು ಕೇಳಿದರೆ ಎಷ್ಟು ಮಂದಿ ಉತ್ತರಿಸುವಿರಿ? ವಿಟಿಯುವಿನಲ್ಲಿ ‘ಡೇಟಾ ಸ್ಟ್ರಕ್ಚರ್ಸ್’ ಎಂಬ ವಿಷಯ 2018ರ ಯೋಜನೆಯಲ್ಲಿ 18ಸಿಎಸ್32, 2021ರದರಲ್ಲಿ 21ಸಿಎಸ್32, 2022ರದರಲ್ಲಿ ಬಿಸಿಎಸ್304. ಹೆಸರು ಹೆಚ್ಚುಕಡಿಮೆ ಒಂದೇ, ಸಂಕೇತ ಬೇರೆ, ಪ್ರಶ್ನೆಪತ್ರಿಕೆ ಬೇರೆ. ಪದವಿ ಕಾಲೇಜುಗಳಲ್ಲಂತೂ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ವ್ಯವಸ್ಥೆ ಬಂತು. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಬಳಿಕ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ನೀತಿಗಳ ಈ ಹಗ್ಗಜಗ್ಗಾಟದ ಪರಿಣಾಮವೇನು? ಅಕ್ಕನ ಬಿಸಿಎ ನೋಟ್ಸು ತಮ್ಮನಿಗೆ ಹೊಂದುವುದಿಲ್ಲ. ಆದರೂ ತಮ್ಮ ಅದನ್ನೇ ಜೆರಾಕ್ಸ್ ಮಾಡಿಸಿ ಓದುತ್ತಾನೆ. ಆದ್ದರಿಂದ ಮೊದಲ ವಾರವೇ ನಿಮ್ಮ ವರ್ಷದ ಪಠ್ಯಕ್ರಮವನ್ನು ವಿಶ್ವವಿದ್ಯಾಲಯದ ಜಾಲತಾಣದಿಂದ ಇಳಿಸಿಕೊಂಡು, ಪ್ರತಿ ವಿಷಯದ ಸಂಕೇತವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಪರೀಕ್ಷಾ ಅರ್ಜಿ ತುಂಬುವಾಗ ಆ ಪುಟ ಎದುರಿಗಿರಲಿ. ಸಲ್ಲಿಸಿದ ಅರ್ಜಿಯ ಪ್ರತಿಯನ್ನು ಮುದ್ರಿಸಿ ಜೋಪಾನವಾಗಿಡಿ.

ಮದ್ರಸದಲ್ಲಿ ನಿನ್ನೆಯ ಸಬಕ್ ಒಪ್ಪಿಸದವನಿಗೆ ಉಸ್ತಾದರು ಇಂದಿನ ಸಬಕ್ ಕೊಡುತ್ತಿರಲಿಲ್ಲ. ನಮಗೆ ಆಗ ಅದು ಕಠೋರವೆನಿಸುತ್ತಿತ್ತು. ವಿಶ್ವವಿದ್ಯಾಲಯದ ಕಂಪ್ಯೂಟರ್ ಅಷ್ಟು ಕಠೋರವಲ್ಲ. ‘ಸಿ’ ಭಾಷೆಯಲ್ಲಿ ಅನುತ್ತೀರ್ಣನಾದವನಿಗೂ ಅದು ಮುಂದಿನ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್‌ಗೆ ನೋಂದಣಿ ಕೊಡುತ್ತದೆ. ಅಲ್ಲಿ ಪಾಯಿಂಟರ್ ಅರ್ಥವಾಗದವನು ಲಿಂಕ್ಡ್ ಲಿಸ್ಟ್ ಬಾಯಿಪಾಠ ಮಾಡುತ್ತಾನೆ, ಕೊನೆಗೆ ಸಂದರ್ಶನದಲ್ಲಿ ಸಿಕ್ಕಿಬೀಳುತ್ತಾನೆ. ಯಂತ್ರ ಅನುಮತಿಸಿತೆಂದ ಮಾತ್ರಕ್ಕೆ ನೀವು ಸಿದ್ಧರಾದಿರಿ ಎಂದಲ್ಲ. ಹಾಜರಾತಿಯ ವಿಷಯದಲ್ಲಿ ಮಾತ್ರ ಆ ಯಂತ್ರವೂ ಕರುಣೆ ತೋರದು. ವಿಟಿಯು ನಿಯಮ ಶೇ. 85 ಕೇಳುತ್ತದೆ.

ನಮ್ಮಲ್ಲಿ ಪುಸ್ತಕವಿಲ್ಲ, ಒಳ್ಳೆಯ ಉಪನ್ಯಾಸಕರಿಲ್ಲ, ಇಂಗ್ಲಿಷ್ ಬಾರದು ಎಂಬ ಅಳಲು ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರದ ಒಂದು ಭಾಗ ಬೆರಳ ತುದಿಯಲ್ಲಿದೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳನ್ನು ನೋಡಲು ಒಂದು ಪೈಸೆ ಕೊಡಬೇಕಿಲ್ಲ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಪೈಥಾನ್ ಮೂಲಕ ಡೇಟಾ ಸ್ಟ್ರಕ್ಚರ್ಸ್ ಕಲಿಸುವ ಚೆನ್ನೈನ ಪ್ರಾಧ್ಯಾಪಕ ಮಾಧವನ್ ಮುಕುಂದ್ ಅವರ ಪಾಠಮಾಲೆ ಅಲ್ಲಿದೆ. ಕೇಂದ್ರದ ಸ್ವಯಂ ವೇದಿಕೆಯಲ್ಲಿ ಪಡೆದ ಕ್ರೆಡಿಟ್‌ಗಳನ್ನು ಪದವಿಗೆ ಸೇರಿಸಿಕೊಳ್ಳಲು 2021ರ ಯುಜಿಸಿ ನಿಯಮ ಒಂದು ಸೆಮಿಸ್ಟರಿನ ಶೇ. 40ರಷ್ಟು ವಿಷಯಗಳವರೆಗೆ ಅವಕಾಶವಿತ್ತಿದೆ. ಆದರೆ ನಿಮ್ಮ ಕಾಲೇಜು ಒಪ್ಪಬೇಕು, ಸೇರುವ ಮೊದಲೇ ಕೇಳಿಕೊಳ್ಳಿ. ಇಂಗ್ಲಿಷ್ ಕಷ್ಟವೆನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ. ಸಿ ಭಾಷೆ, ಲಿನಕ್ಸ್ ಮುಂತಾದವುಗಳ ಮೇಲೆ ಹತ್ತತ್ತು ನಿಮಿಷದ ಪಾಠಗಳು, ಕನ್ನಡ ಧ್ವನಿಯಲ್ಲೂ ಉಂಟು. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲೂ ನೋಡಬಹುದು. ನಮ್ಮ ಅಭಿಪ್ರಾಯದಲ್ಲಿ ಮೊದಲ ವರ್ಷದವರು ಇಲ್ಲಿಂದಲೇ ಆರಂಭಿಸಬೇಕು. ಆದರೆ ನೋಡಿದರೆ ಸಾಲದು, ಪಕ್ಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಬರೆದು ಓಡಿಸಬೇಕು. ಮೊಬೈಲಿನಲ್ಲಿ ಕ್ರಿಕೆಟ್ ನೋಡಿದವನು ಬೌಲರ್ ಆಗುವುದಿಲ್ಲವಲ್ಲ!

ಕಂಪ್ಯೂಟರ್ ಎಲ್ಲಿಂದ ತರುವುದು? ಹಿರಿಯರಿಗೆ ನಮ್ಮ ಮನವಿ ಇದೇ. ಒಂಬತ್ತನೆಯ ಶತಮಾನದ ಬಗ್ದಾದಿನ ಅಲ್ ಖ್ವಾರಿಝ್ಮಿಯ ಹೆಸರಿನಿಂದಲೇ ‘ಅಲ್ಗಾರಿದಮ್’ ಎಂಬ ಪದ ಬಂತೆಂದು ಪ್ರತಿ ವೇದಿಕೆಯಲ್ಲೂ ಹೆಮ್ಮೆಪಡುತ್ತೇವೆ. ಆದರೆ ಆ ಅಲ್ಗಾರಿದಮ್ ಬರೆದು ಓಡಿಸಲು ಮೊಹಲ್ಲಾದ ಹುಡುಗಿಗೆ ಒಂದು ಕೀಬೋರ್ಡ್ ಸಿಗುವುದಿಲ್ಲ. ನಮ್ಮ ಶಾದಿ ಮಹಲುಗಳು ಮದುವೆಯ ದಿನಗಳನ್ನು ಬಿಟ್ಟರೆ ಬೀಗ ಹಾಕಿಕೊಂಡಿರುತ್ತವೆ. ಅಲ್ಲಿನ ಒಂದು ಕೋಣೆ, ಎರಡು ಹಳೆಯ ಕಂಪ್ಯೂಟರ್, ಒಂದು ಪ್ರಿಂಟರ್, ಸಂಜೆ ಎರಡು ತಾಸು ಕುಳಿತುಕೊಳ್ಳುವ ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿ ಇಷ್ಟು ಸಾಕು. ಹುಡುಗಿಯರಿಗೆ ಪ್ರತ್ಯೇಕ ಸಮಯವಿರಲಿ, ಬರುವವರು ಯಾವ ಸಮುದಾಯದವರಾದರೂ ಬಾಗಿಲು ತೆರೆದಿರಲಿ. ಪ್ರಸ್ತುತ ಸೆಮಿಸ್ಟರಿನ ಪರೀಕ್ಷಾ ಅರ್ಜಿಯ ದಿನಾಂಕ ಪ್ರಕಟವಾದ ಕೂಡಲೇ ಅದನ್ನು ಆ ಕೋಣೆಯ ಹೊರಗೆ ದೊಡ್ಡ ಅಕ್ಷರದಲ್ಲಿ ಬರೆಯಬೇಕು, ಬೆಂಗಳೂರು-ಪುಣೆಗಳಿಗೆ ದುಡಿಯಲು ಹೋದ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ತಿಳಿಸಬೇಕು. ರಜೆಯಲ್ಲಿ ಗಾರೆ ಕೆಲಸಕ್ಕೆ ಹೋಗಿ, ದಂಡಶುಲ್ಕದ ದಿನವೂ ದಾಟಿದ ಮೇಲೆ ಮರಳುವ ಹುಡುಗರು ನಮ್ಮಲ್ಲಿ ಇನ್ನೂ ಇದ್ದಾರೆ.

ನಮ್ಮ ಮಾತು ಇಲ್ಲಿಗೆ ಸಾಕು. ಫೋನ್ ತಂದಿರುವವರು ಈಗಲೇ ತಮ್ಮ ಖಾತೆ ತೆರೆದು, ಮೊಬೈಲ್ ಸಂಖ್ಯೆ ಯಾರದೆಂದು ನೋಡಿ. ಪಾಸ್‌ವರ್ಡ್ ಮರೆತವರು ಎಡಗಡೆಯ ಮೇಜಿಗೆ ಬನ್ನಿ, ಅಲ್ಲಿ ಇಬ್ಬರು ಹಿರಿಯ ವಿದ್ಯಾರ್ಥಿಗಳಿದ್ದಾರೆ. ಹಿಂದಿನ ಸಾಲಿನ ಸಹೋದರಿಯೊಬ್ಬರು ಆಗಿನಿಂದ ಕೈ ಎತ್ತಿದ್ದಾರೆ, ಮೊದಲು ಅವರ ಪ್ರಶ್ನೆ ಕೇಳೋಣ.