ಪ್ಲ್ಯಾಟ್ ನದಿಯ ಹಾದಿ

ಉತ್ತರ ಅಮೆರಿಕದ ನಡುನಾಡು ಒಂದು ಮಹಾ ಬಯಲು. ಅದಕ್ಕೆ ಪ್ರೇರಿ ಎಂದು ಹೆಸರು. ಹಿಂದೆ ಅದು ಕಣ್ಣು ಹಾಯುವವರೆಗೂ ಹುಲ್ಲೇ ಆಗಿದ್ದಿತು. ಇಂದು ಅದರಲ್ಲಿ ಬಹಳಷ್ಟು ಹೊಲವಾಗಿದೆ. ಈ ಬಯಲಿನ ನೆಬ್ರಾಸ್ಕ ಸಂಸ್ಥಾನದಲ್ಲಿ ಪ್ಲ್ಯಾಟ್ ಎಂಬ ನದಿ ಪೂರ್ವಾಭಿಮುಖವಾಗಿ ಹರಿಯುತ್ತದೆ. ಅಗಲ ಬಹಳ, ಆಳ ಸ್ವಲ್ಪ. ಹಡಗಿಗೆ ಬಾರದ ಈ ನದಿ ಬಂಡಿಗೆ ಒದಗಿತು. ಅದರ ದಡ ಸಮತಟ್ಟು; ದನಗಳಿಗೆ ಹುಲ್ಲೂ ನೀರೂ ಉಂಟು. ಆದುದರಿಂದ 1840ರಿಂದ ಮುಂದಿನ ಸುಮಾರು ಮೂವತ್ತು ವರ್ಷಗಳಲ್ಲಿ ಮೂರು ನಾಲ್ಕು ಲಕ್ಷ ಜನರು ನೆಲವನ್ನೋ ಚಿನ್ನವನ್ನೋ ಧರ್ಮಸ್ವಾತಂತ್ರ್ಯವನ್ನೋ ಅರಸಿಕೊಂಡು ಈ ದಡವನ್ನು ಹಿಡಿದು ಪಶ್ಚಿಮಕ್ಕೆ ನಡೆದರು.

ಆ ಹಾದಿಯಲ್ಲಿ ಮೋಟಾರಿನಲ್ಲಿ ಎರಡು ದಿವಸ ಪಯಣಿಸುವ ಅವಕಾಶ ನನಗೆ ಒದಗಿತ್ತು. ನಾವು ಹೊರಟುದು 1848ರಲ್ಲಿ ಸ್ಥಾಪಿತವಾದ ಕಿಯರ್ನಿ ಕೋಟೆಯ ನಿವೇಶನದಿಂದ. ತಲಪಬೇಕಾದುದು ವಯೋಮಿಂಗ್ ಸಂಸ್ಥಾನದ ಲ್ಯಾರಮಿ ಕೋಟೆಯನ್ನು. ನಡುವಣ ದೂರ ಮುನ್ನೂರು ಮೈಲಿಗೂ ಮಿಕ್ಕದ್ದು. ದಿನಕ್ಕೆ ಹದಿನೈದು ಮೈಲಿ ನಡೆಯುವ ಎತ್ತಿನ ಬಂಡಿಗೆ ಅದು ಮೂರು ವಾರಗಳ ಹಾದಿ.

ಬಯಲು ಮೊದಲು ಮುರಿಯುವುದು ಆಷ್ ಹಾಲೋ ಎಂಬ ಕಣಿವೆಯಲ್ಲಿ. ಇಲ್ಲಿನ ಇಳಿಜಾರು ಎಷ್ಟು ಕಡಿದೆಂದರೆ, ಚಕ್ರಗಳನ್ನು ಬಿಗಿದು, ಹಗ್ಗ ಕಟ್ಟಿ ಹಿಂದಕ್ಕೆ ಜಗ್ಗುತ್ತ ಬಂಡಿಗಳನ್ನು ಇಳಿಸಬೇಕಾಗಿತ್ತು. ಆ ಜಾಡುಗಳು ಮಳೆಗೆ ಕೊರೆದು ಇಂದು ಕೊರಕಲುಗಳಾಗಿವೆ. ಕೆಳಗೆ ಸಿಹಿನೀರಿನ ಊಟೆ. ಇಲ್ಲಿಗೆ ಸಮೀಪದಲ್ಲಿಯೇ ಬ್ಲೂ ವಾಟರ್ ಎಂಬ ಹಳ್ಳವಿದೆ. 1855ರ ಸೆಪ್ಟೆಂಬರ್ 3ರಂದು ಜನರಲ್ ಹಾರ್ನಿಯ ಸೇನೆ ಅಲ್ಲಿ ಬೀಡುಬಿಟ್ಟಿದ್ದ ಲಕೋಟ ಜನರ ಮೇಲೆ ಬಿದ್ದಿತು. ಅವರ ನಾಯಕನಿಗೆ ಕಿರುಗುಡುಗು ಎಂಬ ಅರ್ಥದ ಹೆಸರು. ಅವನು ಸಂಧಿಯ ಮಾತಿಗೆ ಬಂದಿದ್ದನು. ಸತ್ತವರು 86 ಮಂದಿ. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಇದರ ಕಾರಣವನ್ನು ಅರಿಯಬೇಕಾದರೆ ಹಾದಿಯಲ್ಲಿ ಇನ್ನೂ ಮುಂದೆ ಹೋಗಬೇಕು.

ಮುಂದೆ ಚಿಮ್ನಿ ರಾಕ್. ಮಣ್ಣು, ಮರಳುಗಲ್ಲು, ಜ್ವಾಲಾಮುಖಿಯ ಬೂದಿಗಳಿಂದಾದ ಈ ಕಂಬ ಬುಡದಿಂದ ಸುಮಾರು ಮುನ್ನೂರು ಅಡಿ ಎತ್ತರವಿದೆ. ಬಂಡಿಯವರಿಗೆ ಇದು ಬಹು ದೂರದಿಂದಲೇ ಕಾಣುತ್ತಿತ್ತು. ಹಲವರು ತಮ್ಮ ದಿನಚರಿಗಳಲ್ಲಿ ಇದನ್ನು ಬಣ್ಣಿಸಿದ್ದಾರೆ. ಆದರೆ ನನ್ನ ಮನಸ್ಸಿನಲ್ಲಿ ನಿಂತುದು ಇದಲ್ಲ. ಸ್ಕಾಟ್ಸ್‌ಬ್ಲಫ್ ಪಟ್ಟಣದ ಬಳಿಯ ಒಂದು ಸಮಾಧಿ. 1852ರಲ್ಲಿ ರೆಬೆಕ ವಿಂಟರ್ಸ್ ಎಂಬಾಕೆ ವಾಂತಿಭೇದಿಯಿಂದ ಇಲ್ಲಿ ತೀರಿಕೊಂಡಳು. ಸಂಗಡಿಗರು ಬಂಡಿಚಕ್ರದ ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ, ಅದರ ಮೇಲೆ ಆಕೆಯ ಹೆಸರನ್ನು ಕೆತ್ತಿ ನೆಟ್ಟುಹೋದರು. 1899ರಲ್ಲಿ ರೈಲುಮಾರ್ಗಕ್ಕಾಗಿ ನೆಲವನ್ನಳೆಯುತ್ತಿದ್ದವರು ಈ ಸಮಾಧಿಯನ್ನು ಕಂಡು, ಮಾರ್ಗವನ್ನೇ ಕೊಂಚ ಸರಿಸಿದರು. 1995ರಲ್ಲಿ ಸುರಕ್ಷತೆಗಾಗಿ ಸಮಾಧಿಯನ್ನು ಹಳಿಗಳಿಂದ ದೂರಕ್ಕೆ ಸಾಗಿಸಲಾಯಿತು. ಹೋಗುವವರು ಹಿಂದೆ ಬಿಟ್ಟ ಒಬ್ಬ ಹೆಣ್ಣುಮಗಳಿಗೆ ರೈಲು ದಾರಿ ಬಿಟ್ಟಿತು. ಮನುಷ್ಯ ಸ್ವಭಾವದಲ್ಲಿ ನಂಬಿಕೆಯನ್ನು ಉಳಿಸುವಂಥ ಸಂಗತಿ ಇದು.

ಇನ್ನು ಲ್ಯಾರಮಿ. 1834ರಲ್ಲಿ ತುಪ್ಪಟದ ವ್ಯಾಪಾರಿಗಳ ಕಟ್ಟೆಯಾಗಿ ಆರಂಭವಾದ ಈ ಕೋಟೆಯನ್ನು ಸರ್ಕಾರವು 1849ರಲ್ಲಿ ಕೊಂಡುಕೊಂಡಿತು. 1851ರಲ್ಲಿ ಈ ಸೀಮೆಯಲ್ಲಿ ಬುಡಕಟ್ಟುಗಳ ಸುಮಾರು ಹತ್ತು ಸಾವಿರ ಜನ ನೆರೆದು, ಬಂಡಿಗಳಿಗೆ ಹಾದಿ ಬಿಡುವುದಕ್ಕೂ, ಸರ್ಕಾರದಿಂದ ಪ್ರತಿವರ್ಷ ಸಾಮಗ್ರಿಗಳನ್ನು ಪಡೆಯುವುದಕ್ಕೂ ಒಪ್ಪಂದವಾಯಿತು. ಮೂರು ವರ್ಷಗಳ ತರುವಾಯ, 1854ರ ಆಗಸ್ಟಿನಲ್ಲಿ, ಆ ಸಾಮಗ್ರಿಗಾಗಿ ಲಕೋಟರು ಕೋಟೆಯ ಸಮೀಪದಲ್ಲಿ ಕಾದಿದ್ದಾಗ, ವಲಸೆಗಾರನೊಬ್ಬನ ಹಸು ಅವರ ಬೀಡಿನತ್ತ ಬಂದಿತು. ಒಬ್ಬನು ಅದನ್ನು ಕೊಂದನು. ನಾಯಕ ಕಾಂಕರಿಂಗ್ ಬೇರ್ ಪರಿಹಾರ ಕೊಡುವೆನೆಂದನು. ಅದು ಸಾಲಲಿಲ್ಲ. ಗ್ರಾಟನ್ ಎಂಬ ಎಳೆಯ ಅಧಿಕಾರಿ 29 ಸೈನಿಕರೊಡನೆ, ಎರಡು ಫಿರಂಗಿಗಳೊಡನೆ, ಕುಡಿದು ಅಮಲೇರಿದ್ದ ಒಬ್ಬ ದುಭಾಷಿಯೊಡನೆ ಅಪರಾಧಿಯನ್ನು ಹಿಡಿಯಹೋದನು. ಗುಂಡು ಹಾರಿತು, ನಾಯಕನಿಗೆ ಮರಣಾಂತಿಕ ಗಾಯವಾಯಿತು, ಗ್ರಾಟನ್ನನೂ ಅವನ ಸೈನಿಕರೂ ಅಳಿದರು. ಬ್ಲೂ ವಾಟರಿನ ಹತ್ಯೆ ಇದಕ್ಕೆ ತೀರಿಸಿಕೊಂಡ ಸೇಡು. ನಾವು ಪಶ್ಚಿಮಕ್ಕೆ ಹೋದುದರಿಂದ ಪರಿಣಾಮವನ್ನು ಮೊದಲು ಕಂಡು, ಕಾರಣವನ್ನು ಆಮೇಲೆ ಕಂಡೆವು.

1868ರಲ್ಲಿ ಇದೇ ಲ್ಯಾರಮಿಯ ಹೆಸರಿನ ಮತ್ತೊಂದು ಒಪ್ಪಂದ, ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು ಲಕೋಟರಿಗೆ ಉಳಿಸಿಕೊಟ್ಟಿತು. 1874ರಲ್ಲಿ ಅಲ್ಲಿ ಚಿನ್ನ ಕಂಡಿತು. 1877ರಲ್ಲಿ ಬೆಟ್ಟಗಳು ಅವರ ಕೈಬಿಟ್ಟವು. ಅದು ಅನ್ಯಾಯವೆಂದು 1980ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೇ ಮನ್ನಿಸಿ, ಹತ್ತು ಕೋಟಿ ಡಾಲರಿಗೂ ಮಿಕ್ಕ ಪರಿಹಾರವನ್ನು ಎತ್ತಿಹಿಡಿಯಿತು. ಲಕೋಟರು ಆ ಹಣವನ್ನು ಮುಟ್ಟಲಿಲ್ಲ. ಅವರಿಗೆ ಬೇಕಾದುದು ಬೆಟ್ಟ.

ಲ್ಯಾರಮಿಯಿಂದ ತುಸು ಮುಂದೆ ಗರ್ನ್ಸಿ ಎಂಬಲ್ಲಿ ಬಂಡಿಚಕ್ರಗಳು ಮರಳುಗಲ್ಲಿನಲ್ಲಿ ಜಾಡು ಕೊರೆದಿವೆ. ಕೆಲವೆಡೆ ಐದು ಅಡಿ ಆಳ. ಆ ಜಾಡಿನೊಳಗೆ ನಿಂತಾಗ, ಹಾದುಹೋದವರ ಶ್ರಮಕ್ಕೆ ತಲೆಬಾಗುತ್ತದೆ. ಆದರೆ ಕಲ್ಲು ನೆನಪಿಟ್ಟುಕೊಳ್ಳುವುದು ಚಕ್ರವನ್ನು ಮಾತ್ರ. ಯಾರ ನೆಲದ ಮೇಲೆ ಚಕ್ರ ಉರುಳಿತೋ ಅವರನ್ನು ನೆನೆಯುವ ಹೊಣೆ ಮನುಷ್ಯರದು. ಆ ಕೆಲಸ ನಿಧಾನವಾಗಿಯಾದರೂ ಮೊದಲಾಗಿದೆ. ಬ್ಲ್ಯಾಕ್ ಹಿಲ್ಸಿನ ಅತ್ಯುನ್ನತ ಶಿಖರಕ್ಕೆ ಬಹುಕಾಲ ಹಾರ್ನಿಯ ಹೆಸರಿದ್ದಿತು. 2016ರಲ್ಲಿ ಅದನ್ನು ತೆಗೆದು, ಬ್ಲ್ಯಾಕ್ ಎಲ್ಕ್ ಎಂಬ ಲಕೋಟ ಸಾಧುವಿನ ಹೆಸರನ್ನು ಇಟ್ಟರು. ಒಂದು ಸಮಾಧಿಗಾಗಿ ಹಳಿಯನ್ನು ಸರಿಸಬಲ್ಲ ಜನ ಇಷ್ಟು ಮಾಡಿದುದು ಸಂತೋಷ. ಇದಕ್ಕಿಂತ ಹೆಚ್ಚಿನದನ್ನೂ ಮಾಡಿಯಾರೆಂದು ಹಾರೈಸೋಣ.