ಬೇಡ ಎನ್ನುವವರ ನಡುವೆ ನಿಲ್ಲುವ ಧೈರ್ಯ

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಎಲ್ಲರೂ ಒಗ್ಗಟ್ಟಿನ ಮಾತಾಡುತ್ತಾರೆ. ನಾನು ಒಗ್ಗಟ್ಟು ಇಲ್ಲದ ದಿನದ ಮಾತು ಆಡುತ್ತೇನೆ, ಬೇಸರ ಮಾಡ್ಕೋಬೇಡಿ. ಇಪ್ಪತ್ತೈದು ವರ್ಷ ನಡೆದ ಯಾವ ಸಂಘವೂ ಜಗಳವಿಲ್ಲದೆ ನಡೆದಿರುವುದಿಲ್ಲ. ಎಲ್ಲರೂ 'ಆಗಲಿ' ಎಂದಾಗ ಮುಂದೆ ನಿಲ್ಲುವುದು ಸುಲಭ. ಹತ್ತು ಜನ 'ಬೇಡ' ಎಂದಾಗ ಮುಂದಾಳಾದವನು ಏನು ಮಾಡಬೇಕು? ಪ್ರಶ್ನೆ ಇರುವುದು ಅಲ್ಲಿ.

ನಮ್ಮ ಹಾಲಿನ ಸಂಘಗಳಿಗೆಲ್ಲ ಮಾದರಿಯಾದದ್ದು ಆಗ ಖೇಡಾ ಜಿಲ್ಲೆಯಲ್ಲಿದ್ದ ಗುಜರಾತಿನ ಆನಂದ್. ಅಲ್ಲಿನ ರೈತರ ಹಾಲನ್ನು ಒಂದು ಖಾಸಗಿ ಡೈರಿಯೇ ಕೊಂಡು ಮುಂಬಯಿಗೆ ಕಳಿಸುತ್ತಿತ್ತು. ಅವರು ಹೇಳಿದ್ದೇ ಬೆಲೆ. ರೈತರು ಸರ್ದಾರ್ ವಲ್ಲಭಭಾಯಿ ಪಟೇಲರ ಹತ್ತಿರ ಹೋದರು. ಸರ್ದಾರರು 'ನಿಮಗೆ ಲಾಭ ಮಾಡಿಸಿಕೊಡ್ತೀನಿ' ಅನ್ನಲಿಲ್ಲ. ಸ್ವಂತ ಸಂಘ ಕಟ್ಟಿ, ಒಪ್ಪದಿದ್ದರೆ ಹಾಲು ನಿಲ್ಲಿಸಬೇಕಾಗುತ್ತದೆ, ಆಗ ನಷ್ಟ ತಡೆದುಕೊಳ್ಳುತ್ತೀರಾ ಎಂದು ಕೇಳಿದರು. 1946ರ ಜನವರಿ 4ರಂದು ಸಮರಖಾ ಗ್ರಾಮದಲ್ಲಿ ಮೊರಾರ್ಜಿ ದೇಸಾಯಿಯವರ ಸಮ್ಮುಖದಲ್ಲಿ ಸಭೆ ಸೇರಿ ನಿರ್ಣಯವಾಯಿತು. ಸರ್ಕಾರ ಒಪ್ಪಲಿಲ್ಲ. ಹದಿನೈದು ದಿನ ರೈತರು ಆ ಡೈರಿಗೆ ಹಾಲು ಹಾಕಲಿಲ್ಲ. ಕೊನೆಗೆ ಸರ್ಕಾರವೇ ಮಣಿಯಿತು. ಅದೇ ವರ್ಷ ಡಿಸೆಂಬರ್ 14ರಂದು ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಖೇಡಾ ಜಿಲ್ಲಾ ಹಾಲು ಒಕ್ಕೂಟ ನೋಂದಣಿಯಾಯಿತು. ಮುಂದೆ ಅದೇ ಅಮುಲ್ ಆಯಿತು.

ಹದಿನೈದು ದಿನ ಹಾಲಿನ ದುಡ್ಡು ಬಾರದ ಮನೆಯಲ್ಲಿ ಏನೇನು ಮಾತು ಬಂದಿರಬಹುದು, ಎಮ್ಮೆ ಕಟ್ಟಿದ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಜನ ತಡೆದುಕೊಂಡರು. ಯಾಕೆ? ನಷ್ಟವನ್ನು ಯಾರೂ ಅವರಿಂದ ಮುಚ್ಚಿಟ್ಟಿರಲಿಲ್ಲ. ಮುಂದಾಳಿನ ಮೊದಲನೆಯ ಧೈರ್ಯ ಇದೇ: ಕಹಿಯನ್ನು ಮೊದಲೇ ಹೇಳುವುದು.

ಎರಡನೆಯ ಪ್ರಸಂಗ ಎಮ್ಮೆ ಹಾಲಿನದು. ಚಳಿಗಾಲದಲ್ಲಿ ಹಾಲು ಹೆಚ್ಚಾಗಿ ಮಿಕ್ಕುತ್ತಿತ್ತು. ಪುಡಿ ಮಾಡಿದರೆ ಉಳಿಯುತ್ತದೆ. ಆದರೆ ಎಮ್ಮೆ ಹಾಲಿನಲ್ಲಿ ಪುಡಿ ಆಗದು ಎಂದು ವಿದೇಶದ ತಜ್ಞರು ಹೇಳಿಬಿಟ್ಟಿದ್ದರು. ಡಾ. ವರ್ಗೀಸ್ ಕುರಿಯನ್ ಮತ್ತು ಎಚ್.ಎಂ. ದಲಾಯಾ ಅವರು ತಜ್ಞರ ಮೇಲೆ ಕೂಗಾಡಲಿಲ್ಲ, ಪುಡಿ ಮಾಡಿ ತೋರಿಸಿದರು. 1955ರಲ್ಲಿ ಪ್ರಧಾನಿ ನೆಹರೂ ಅವರೇ ಬಂದು ಆ ಕಾರ್ಖಾನೆ ಉದ್ಘಾಟಿಸಿದರು. 'ಆಗೋದಿಲ್ಲ' ಅನ್ನುವವರಿಗೆ ಮಾಡಿ ತೋರಿಸುವುದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಇವೆಲ್ಲ ದೊಡ್ಡವರ ಮಾತಾಯಿತು. ನಮ್ಮ ಡೈರಿ ಬಾಗಿಲಲ್ಲಿ ಏನಾಗುತ್ತದೆ? ಒಬ್ಬರ ಹಾಲು ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಅವರು ಊರಿಗೆ ಬೇಕಾದವರು, ಬಹುಶಃ ನಿರ್ದೇಶಕರ ನೆಂಟರು. 'ಒಂದು ಲೋಟ ನೀರಿಗೆ ಇಷ್ಟು ರಂಪವೇ? ಇವತ್ತೊಂದು ದಿನ ಸುರ್ಕೊಳ್ಳಯ್ಯ' ಅಂತ ನಾಲ್ಕು ಜನ ಹೇಳುತ್ತಾರೆ. ಆ ಲೋಟ ಕ್ಯಾನಿಗೆ ಬಿದ್ದರೆ ಕ್ಯಾನಿನ ಹಾಲೆಲ್ಲ ತೆಳುವಾಗುತ್ತದೆ, ನೀರು ಬೆರೆಸದ ವಿಧವೆ ಅಜ್ಜಿಯ ದುಡ್ಡೂ ಕರಗುತ್ತದೆ. ಬೇಡ ಎಂದು ವಾಪಸ್ ಕಳಿಸುವ ಹುಡುಗನ ಬೆನ್ನಿಗೆ ಆಡಳಿತ ಮಂಡಳಿ ನಿಲ್ಲದಿದ್ದರೆ, ಆ ಯಂತ್ರ ಇದ್ದೇನು ಪ್ರಯೋಜನ? ನಿಯಮ ಮೊದಲು ಅಧ್ಯಕ್ಷರ ಮನೆಯ ಹಾಲಿಗೆ ತಾಕಬೇಕು. ಆಗ ಬೇರೆಯವರು ಬೈದರೂ ಒಪ್ಪುತ್ತಾರೆ.

ಬೋನಸ್ಸಿನ ಮಾತೂ ಹಾಗೇ. ಲಾಭವನ್ನೆಲ್ಲ ಈ ಹಬ್ಬಕ್ಕೇ ಹಂಚಿ ಎಂದರೆ ಚಪ್ಪಾಳೆ ಬೀಳುತ್ತದೆ. ಆಪದ್ಧನಕ್ಕೆ ಇಡೋಣ ಎಂದವರಿಗೆ ಬೈಗುಳ. ಆದರೆ ಬರಗಾಲದಲ್ಲಿ ಸಂಘವನ್ನು ಕಾಯುವುದು ಚಪ್ಪಾಳೆಯಲ್ಲ, ಆಪದ್ಧನ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಧೈರ್ಯ ಬೇರೆ, ಹಟ ಬೇರೆ. ಸಹಕಾರದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಹತ್ತು ಎಮ್ಮೆಯವನಿಗೂ ಒಂದು, ಒಂದು ಹಸುವಿನವಳಿಗೂ ಒಂದು. ಲೆಕ್ಕ ಮುಂದಿಟ್ಟು ಮಹಾಸಭೆಯಲ್ಲಿ ಮಾತಾಡಿ. ಬೇಡ ಎನ್ನುವವರಿಗೆ ಪೂರ್ತಿ ಮಾತಾಡಲು ಬಿಡಿ. ಅವರ ಕೈಯಲ್ಲಿ ನಿಮಗೆ ಗೊತ್ತಿಲ್ಲದ ಲೆಕ್ಕ ಇರಬಹುದು. ಸೋತರೆ ನಿಮ್ಮ ಭಿನ್ನಾಭಿಪ್ರಾಯವನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಮಾರನೆಯ ಬೆಳಿಗ್ಗೆ ಎಂದಿನಂತೆ ಹಾಲು ಹಾಕಿ. ಗೆದ್ದರೆ ಸೋತವರ ಮನೆಗೆ ನೀವೇ ಮೊದಲು ಹೋಗಿ. ಸಭೆಯಲ್ಲಿ ಎದುರು ನಿಂತವರು ವೈರಿಗಳಲ್ಲ, ಅವರ ಷೇರಿನ ದುಡ್ಡೂ ಇದೇ ಸಂಘದಲ್ಲಿದೆ.

ಇಂದು ಇಲ್ಲಿ ಕೂತಿರುವ ಯುವಕರು, ಅದಕ್ಕಿಂತ ಹೆಚ್ಚಾಗಿ ಹೆಣ್ಣುಮಕ್ಕಳು, ಮುಂದಿನ ಆಡಳಿತ ಮಂಡಳಿಗೆ ಬರಬೇಕು. ಎಲ್ಲರನ್ನೂ ಮೆಚ್ಚಿಸುವ ಆಸೆಯಿಂದ ಬರಬೇಡಿ. ಎಲ್ಲರಿಗೂ ಲೆಕ್ಕ ಒಪ್ಪಿಸುವ ಮನಸ್ಸಿನಿಂದ ಬನ್ನಿ. ಈ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ.

ಜೈ ಸಹಕಾರ.